ಅಜ್ಜಿಯ ಸೊನ್ನೆ ಯಾರ ಲೆಕ್ಕ?

ಬಿಪಿಗೆ ಮದ್ದು ಕೊಟ್ಟ ಡಾಕ್ಟರು ಮುಂದಿನ ತಿಂಗಳು ಮತ್ತೆ ಅಳೆದು ನೋಡುತ್ತಾರೆ. ಇಳಿಯದಿದ್ದರೆ ಮದ್ದು ಬದಲು. ಮನಸ್ಸಿನ ಕಾಯಿಲೆಗೂ ಅಳತೆ ಇಲ್ಲ ಅಂತೇನಲ್ಲ. ಖಿನ್ನತೆಗೆ ಪಿಎಚ್‌ಕ್ಯೂ-9 ಎಂಬ ಒಂಬತ್ತು ಪ್ರಶ್ನೆಗಳ ಹಾಳೆ ಇದೆ. ಕಳೆದ ಎರಡು ವಾರ ನಿದ್ದೆ ಹೇಗಿತ್ತು, ಹಸಿವು ಹೇಗಿತ್ತು ಅಂತೆಲ್ಲ ಕೇಳಿ, ಒಂದೊಂದಕ್ಕೂ 0ರಿಂದ 3 ಅಂಕ ಹಾಕುತ್ತಾರೆ. ಒಟ್ಟು 27. ಹತ್ತು ಅಥವಾ ಅದಕ್ಕಿಂತ ಹೆಚ್ಚು ಬಂದರೆ ಗಮನ ಕೊಡಲೇಬೇಕು.

ಆದರೆ ಆ ಅಂಕ ಫೈಲಿನೊಳಗೇ ಮಲಗಿದರೆ ಏನು ಬಂತು?

ಅಮೆರಿಕದಲ್ಲಿ 2005ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ನಿಮ್ಮಲ್ಲಿಗೆ ಬರುವವರಲ್ಲಿ ಯಾರ ಸ್ಥಿತಿ ಹದಗೆಡಬಹುದು ಅಂತ ಮಾತಿನ ಚಿಕಿತ್ಸೆ ಕೊಡುವ ಥೆರಪಿಸ್ಟರನ್ನೇ ಕೇಳಿದರು. 550 ಜನರಲ್ಲಿ ಅವರು ಬೊಟ್ಟು ಮಾಡಿದ್ದು 3 ಜನರನ್ನು. ಹದಗೆಟ್ಟದ್ದು 40 ಜನರದ್ದು. ಅವರೇನೂ ದಡ್ಡರಲ್ಲ. ಎದುರಿಗೆ ಕೂತವರು "ಅಡ್ಡಿಯಿಲ್ಲ ಡಾಕ್ಟ್ರೇ" ಅಂದರೆ ಯಾರಾದರೂ ನಂಬುತ್ತಾರೆ, ಅಲ್ವಾ?

ಇಂಗ್ಲೆಂಡ್ 2008ರಲ್ಲಿ ಶುರು ಮಾಡಿದ ಮಾತಿನ ಚಿಕಿತ್ಸೆಯ ಸೇವೆಯಲ್ಲಿ ಪ್ರತಿ ಭೇಟಿಗೂ ಅಂಕ ಬರೆಸುತ್ತಾರೆ. ಕೊನೆಯಲ್ಲಿ ಮಾತ್ರ ಕೇಳಿದರೆ ನಡುವೆ ಬಿಟ್ಟುಹೋದವರು ಲೆಕ್ಕಕ್ಕೇ ಸಿಗುವುದಿಲ್ಲ. ಹಾಗೆ ತಪ್ಪಿಹೋಗುವವರು ಉಳಿದವರಿಗಿಂತ ಕಡಿಮೆ ಸುಧಾರಿಸಿರುತ್ತಾರೆ ಅಂತ ಅಲ್ಲಿ ಕಂಡುಬಂತು. ಅವರನ್ನು ಬಿಟ್ಟು ಲೆಕ್ಕ ಹಾಕಿದರೆ ಕ್ಲಿನಿಕ್ಕು ಸುಮ್ನೆ ಹೊಳೆಯುತ್ತದೆ.

ಕೇರಳದ ಕುಟುಂಬ ಆರೋಗ್ಯ ಕೇಂದ್ರಗಳಲ್ಲಿ 'ಆಶ್ವಾಸಂ' ಎಂಬ ಖಿನ್ನತೆ ಕ್ಲಿನಿಕ್ಕುಗಳಿವೆ. ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯ ಒಂದು ಕೇಂದ್ರದಲ್ಲಿ ಡಾಕ್ಟರು, ನರ್ಸ್, ಆಶಾ ಕಾರ್ಯಕರ್ತೆ ತಿಂಗಳಿಗೊಮ್ಮೆ ಅಂಕಗಳ ಪಟ್ಟಿ ಹಿಡಿದು ಕೂತರು ಅಂತಿಟ್ಟುಕೊಳ್ಳಿ. ಹತ್ತಿರದ ಎಣ್ಮಕಜೆ ಕಡೆಯವರು ಎರಡನೇ ಭೇಟಿಗೇ ಬರುವುದು ನಿಲ್ಲಿಸಿಬಿಡುತ್ತಾರೆ. ಯಾಕೆ? ಡಾಕ್ಟರು ಮದ್ದಿನ ಅಡ್ಡ ಪರಿಣಾಮ ಅಂದುಕೊಂಡಿದ್ದಾರೆ. "ಆ ಹೊತ್ತಿಗೆ ವಾಪಸ್ ಬಸ್ಸಿಲ್ಲ" ಅನ್ನುತ್ತಾರೆ ಆಶಾ. ಇನ್ನೊಂದು ಹಾಳೆ ಒಬ್ಬ ಅಜ್ಜಿಯದ್ದು. ಒಂಬತ್ತನೇ ಪ್ರಶ್ನೆ ಸಾಯುವ ಯೋಚನೆ ಬರುತ್ತದಾ ಎಂಬುದು. ಅದಕ್ಕೆ ಸೊನ್ನೆ. ನರ್ಸ್ ಕೇಳಿದ್ದು ಮಲಯಾಳದಲ್ಲಿ, ಅಜ್ಜಿಗೆ ಬರುವುದು ತುಳು ಮಾತ್ರ, ನಡುವೆ ಮೊಮ್ಮಗ. ಮೊಮ್ಮಗನ ಮುಂದೆ ಯಾವ ಅಜ್ಜಿ ಹೌದು ಅಂತಾಳೆ? ಆ ಸೊನ್ನೆ ಅವಳದ್ದಲ್ಲ. ಮುಂದಿನ ಸಲ ತುಳು ಬಲ್ಲ ಆಶಾ ಒಬ್ಬರೇ ಕೂತು ಕೇಳಬೇಕು.

ಈ ಅಂಕಗಳ ಪಟ್ಟಿಯನ್ನೇ ನೌಕರರ ಮಾರ್ಕ್ಸ್‌ಕಾರ್ಡ್ ಮಾಡಿದರೆ ಕೆಲಸ ಕೆಟ್ಟಂತೆ. ಬೈಗುಳ ತಪ್ಪಿಸಲು ಒಳ್ಳೆಯ ಅಂಕ ತಾನಾಗಿ ತುಂಬಿಕೊಳ್ಳುತ್ತದೆ. ಇನ್ನು ಒಂಬತ್ತನೇ ಪ್ರಶ್ನೆಗೆ ಯಾರಾದರೂ ಹೌದು ಅಂದರೆ ತಿಂಗಳ ಮೀಟಿಂಗಿಗೆ ಕಾಯುವಂತಿಲ್ಲ. ಡಾಕ್ಟರು ಅವತ್ತೇ ಅವರ ಜೊತೆ ಮಾತಾಡಬೇಕು.