ಪದ ಪರಿಚಯ: ಪ್ರಾಕ್ಸಿಯಲ್ಲಿ ಕೋರಿಕೆಯ ಗುಣಲಕ್ಷಣ ಮತ್ತು ಸಂಪರ್ಕದ ಗುಣಲಕ್ಷಣ

ಕೋರಿಕೆ ಕಳುಹಿಸುವ ಕ್ಲೈಂಟ್ ಮತ್ತು ಅದಕ್ಕೆ ಉತ್ತರಿಸುವ ಸರ್ವರ್‌ಗಳ ನಡುವೆ ನಿಂತು, ಒಂದು ಕಡೆಯಿಂದ ಬಂದದ್ದನ್ನು ಇನ್ನೊಂದು ಕಡೆಗೆ ದಾಟಿಸುವ ತಂತ್ರಾಂಶವೇ ಪ್ರಾಕ್ಸಿ. ದಾಟಿಸುವ ಮುನ್ನ ಅದು ಹಲವು ತೀರ್ಮಾನಗಳನ್ನು ಕೈಗೊಳ್ಳಬೇಕಾಗುತ್ತದೆ: ಈ ಕೋರಿಕೆಯನ್ನು ಒಳಗೆ ಬಿಡಬಹುದೇ, ಬಿಡುವುದಾದರೆ ಯಾವ ಸರ್ವರ್‌ಗೆ ಕಳುಹಿಸಬೇಕು, ಕಳುಹಿಸಿದವರು ತಮ್ಮ ಮಿತಿಯನ್ನು ಮೀರಿದ್ದಾರೆಯೇ, ಲಾಗ್‌ನಲ್ಲಿ ಏನೇನು ದಾಖಲಾಗಬೇಕು. ಈ ತೀರ್ಮಾನಗಳಿಗೆ ಆಧಾರವಾಗಲೆಂದು ಪ್ರಾಕ್ಸಿಯು ಪ್ರತಿಯೊಂದು ಕೋರಿಕೆಯ ಬಗ್ಗೆಯೂ, ಅದು ಬಂದ ಸಂಪರ್ಕದ ಬಗ್ಗೆಯೂ ಕಲೆಹಾಕಿ, ಹೆಸರಿಟ್ಟು, ನಿಯಮ ಬರೆಯುವವರ ಕೈಗೆ ಒದಗಿಸುವ ಮೌಲ್ಯಗಳನ್ನು ಗುಣಲಕ್ಷಣಗಳು ಎನ್ನುತ್ತೇವೆ.

ಎಂಜಿನ್‌ಎಕ್ಸ್ ಎಂಬ ಪ್ರಾಕ್ಸಿಯಲ್ಲಿ ಇವು ಡಾಲರ್ ಚಿಹ್ನೆಯಿಂದ ಆರಂಭವಾಗುವ ವೇರಿಯಬಲ್‌ಗಳಾಗಿ ಸಿಗುತ್ತವೆ. ಎಚ್‌ಎಪ್ರಾಕ್ಸಿಯಲ್ಲಿ ಸ್ಯಾಂಪಲ್ ಫೆಚ್ ಎಂಬ ಹೆಸರಿದೆ. ಎನ್ವಾಯ್ ಎಂಬ ಮತ್ತೊಂದು ಪ್ರಾಕ್ಸಿ ಇವನ್ನು ಆಟ್ರಿಬ್ಯೂಟ್ ಎಂದು ಕರೆಯುತ್ತದೆ. ಲಿಫ್ಟ್ ಕಂಪನಿಯಲ್ಲಿ ಹುಟ್ಟಿ, 2016ರಲ್ಲಿ ಮುಕ್ತ ತಂತ್ರಾಂಶವಾಗಿ ಹೊರಬಂದು, ಮರುವರ್ಷ ಕ್ಲೌಡ್ ನೇಟಿವ್ ಕಂಪ್ಯೂಟಿಂಗ್ ಫೌಂಡೇಶನ್‌ನ ಆಶ್ರಯಕ್ಕೆ ಬಂದ ಎನ್ವಾಯ್‌ನ ಹೆಸರುಗಳನ್ನೇ ಇಲ್ಲಿ ಉದಾಹರಣೆಗೆ ಬಳಸಿಕೊಳ್ಳುತ್ತೇನೆ. ಕೋರಿಕೆ, ಸಂಪರ್ಕ ಎಂಬ ಎರಡು ವರ್ಗಗಳ ನಡುವಿನ ಗೆರೆ ಅದರಲ್ಲಿ ಬಹಳ ಸ್ಪಷ್ಟವಾಗಿದೆ. ಆ ಗೆರೆಯನ್ನು ಅರಿಯದೆ ಬರೆದ ನಿಯಮವು ಪರೀಕ್ಷೆಯಲ್ಲಿ ಸರಿಯಾಗಿಯೇ ನಡೆದು, ದಾಳಿಯ ಹೊತ್ತಿನಲ್ಲಿ ಕೈಕೊಡುತ್ತದೆ. ಆದ್ದರಿಂದ ಯಾವುದೇ ಗುಣಲಕ್ಷಣವನ್ನು ನಿಯಮದಲ್ಲಿ ಬಳಸುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಎರಡು: ಈ ಮೌಲ್ಯವನ್ನು ಹೇಳಿದವರು ಯಾರು, ಮತ್ತು ಇದು ಯಾವ ಹಂತದಲ್ಲಿ ಪ್ರಾಕ್ಸಿಗೆ ತಿಳಿಯುತ್ತದೆ.

ಕೋರಿಕೆಯ ಗುಣಲಕ್ಷಣಗಳು, ಜಾಲತಾಣಗಳ ಸಂವಹನ ನಿಯಮಾವಳಿಯಾದ ಎಚ್‌ಟಿಟಿಪಿಯ ಸಂದೇಶದೊಳಗಿನಿಂದ ಬರುತ್ತವೆ. ವಿಧಾನ (ಗೆಟ್, ಪೋಸ್ಟ್‌ನಂಥದು), ಹೋಸ್ಟ್ (ಕೇಳಿದ ತಾಣದ ಹೆಸರು), ಪಥ (ತಾಣದೊಳಗಿನ ವಿಳಾಸ), ಪ್ರಶ್ನೆಯ ಭಾಗ, ಹೆಡರ್‌ಗಳು (ಹೆಸರು ಮತ್ತು ಮೌಲ್ಯದ ರೂಪದ ಟಿಪ್ಪಣಿಗಳು), ಪ್ರೋಟೊಕಾಲ್‌ನ ಆವೃತ್ತಿ ಇವೆಲ್ಲ ಈ ವರ್ಗಕ್ಕೆ ಸೇರುತ್ತವೆ. ಮೊದಲ ಬೈಟ್ ತಲುಪಿದ ಸಮಯ ಮತ್ತು ಕೋರಿಕೆಯ ಗುರುತಿನ ಸಂಖ್ಯೆಯೂ ಇದೇ ವರ್ಗದಲ್ಲಿವೆ. ಸಮಯವನ್ನು ಪ್ರಾಕ್ಸಿಯೇ ಅಳೆಯುತ್ತದೆ. ಗುರುತಿನ ಸಂಖ್ಯೆಯನ್ನು ಹೊರಗಿನಿಂದ ಬಂದಂತೆ ಒಪ್ಪಬೇಕೋ ಹೊಸದಾಗಿ ಕೊಡಬೇಕೋ ಎಂಬುದು ಪ್ರಾಕ್ಸಿಯನ್ನು ಹೊಂದಿಸಿದ ಬಗೆಗೆ, ಅಂದರೆ ಸಂರಚನೆಗೆ ಬಿಟ್ಟದ್ದು. ಉಳಿದ ಬಹುಪಾಲು ಕ್ಲೈಂಟ್ ಬರೆದು ಕಳುಹಿಸಿದ ಅಕ್ಷರಗಳು. ಅದು ಏನು ಬರೆದಿದೆಯೋ ಅದನ್ನೇ ಪ್ರಾಕ್ಸಿ ಓದಿ ಹೇಳುತ್ತದೆ.

ಪಥವೊಂದನ್ನೇ ಹತ್ತಿರದಿಂದ ನೋಡೋಣ. ಎನ್ವಾಯ್‌ನಲ್ಲಿ ‘ರಿಕ್ವೆಸ್ಟ್.ಪಾತ್’ ಮತ್ತು ‘ರಿಕ್ವೆಸ್ಟ್.ಯುಆರ್‌ಎಲ್_ಪಾತ್’ ಎಂಬ ಎರಡು ಗುಣಲಕ್ಷಣಗಳಿವೆ. ಮೊದಲನೆಯದರಲ್ಲಿ ಪ್ರಶ್ನಾರ್ಥಕ ಚಿಹ್ನೆಯ ನಂತರದ ಭಾಗವೂ ಸೇರಿರುತ್ತದೆ, ಎರಡನೆಯದರಲ್ಲಿ ಸೇರಿರುವುದಿಲ್ಲ. ‘ಪಥವು /ಅಡ್ಮಿನ್ ಆಗಿದ್ದರೆ ತಡೆ’ ಎಂಬ ನಿಯಮವನ್ನು ಮೊದಲನೆಯದರ ಮೇಲೆ ಬರೆದರೆ, /ಅಡ್ಮಿನ್ ಎಂಬ ಕೋರಿಕೆ ತಡೆಯಲ್ಪಡುತ್ತದೆ, ಆದರೆ ‘/ಅಡ್ಮಿನ್?ಎ=1’ ಎಂಬುದು ಸಲೀಸಾಗಿ ಒಳಗೆ ಹೋಗುತ್ತದೆ, ಏಕೆಂದರೆ ಆ ಎರಡು ಅಕ್ಷರಸಾಲುಗಳು ಸಮವಲ್ಲ. ಹಿಂದಿರುವ ಸರ್ವರ್‌ಗಾದರೋ ಆ ಬಾಲ ಅಷ್ಟು ಮುಖ್ಯವಲ್ಲ. ಅದು ಎರಡಕ್ಕೂ ಒಂದೇ ಪುಟವನ್ನು ಕೊಡುತ್ತದೆ.

ಬಾಲವನ್ನು ಕತ್ತರಿಸಿದ ಮಾತ್ರಕ್ಕೆ ತೊಡಕು ಮುಗಿಯುವುದಿಲ್ಲ. ‘/ಪಬ್ಲಿಕ್/../ಅಡ್ಮಿನ್’ ಎಂಬ ಪಥವನ್ನು ಸರ್ವರ್ ಸರಳಗೊಳಿಸಿಕೊಂಡು /ಅಡ್ಮಿನ್ ಎಂದೇ ಅರ್ಥ ಮಾಡಿಕೊಂಡರೆ, ಆದರೆ ಪ್ರಾಕ್ಸಿಯು ಅದನ್ನು ಇದ್ದ ಹಾಗೆಯೇ ಹೋಲಿಸಿ ನೋಡಿದರೆ, ನಿಯಮವು ಕಣ್ಣೆದುರಿಗಿದ್ದೂ ಕೆಲಸ ಮಾಡುವುದಿಲ್ಲ. ಎನ್ವಾಯ್‌ನಲ್ಲಿ 2019ರಲ್ಲಿ ಬಯಲಾಗಿ, ಭದ್ರತಾ ದೋಷಗಳ ಸಾರ್ವಜನಿಕ ಪಟ್ಟಿಯಲ್ಲಿ ಸಿವಿಇ-2019-9901 ಎಂಬ ಸಂಖ್ಯೆ ಪಡೆದ ದೋಷ ಇದೇ ಬಗೆಯದು: ಪಥಗಳನ್ನು ಸರಳಗೊಳಿಸದೆ ಹೋಲಿಸುತ್ತಿದ್ದುದರಿಂದ ಪ್ರವೇಶ ನಿಯಂತ್ರಣವನ್ನು ತಪ್ಪಿಸಿಕೊಂಡು ಹೋಗಲು ಅವಕಾಶವಿತ್ತು. ಪಥವನ್ನು ಸರಳಗೊಳಿಸುವ, ಒಂದರ ಪಕ್ಕ ಒಂದು ಬಂದ ಓರೆಗೆರೆಗಳನ್ನು ಒಂದಾಗಿಸುವ ಆಯ್ಕೆಗಳು ಈಗ ಅದರಲ್ಲಿವೆ. ಪ್ರಾಕ್ಸಿಯೂ ಸರ್ವರ್‌ನೂ ಒಂದೇ ಪಥವನ್ನು ಒಂದೇ ರೀತಿ ಓದುತ್ತವೆ ಎಂದು ಖಾತ್ರಿಪಡಿಸಿಕೊಳ್ಳುವುದು ಮಾತ್ರ ನಿಯಮ ಬರೆಯುವವರ ಹೊಣೆಯಾಗಿಯೇ ಉಳಿದಿದೆ.

ಹೆಡರ್‌ಗಳ ವಿಷಯದಲ್ಲಿ ನೆನಪಿಡಬೇಕಾದದ್ದು ಸ್ವಲ್ಪವೇ. ಎನ್ವಾಯ್ ಹೆಡರ್‌ಗಳ ಹೆಸರನ್ನು ಸಣ್ಣ ಅಕ್ಷರಗಳಲ್ಲಿಯೇ ಒದಗಿಸುತ್ತದೆ, ಆದ್ದರಿಂದ ದೊಡ್ಡ ಅಕ್ಷರಗಳಲ್ಲಿ ಹುಡುಕಿದರೆ ಸಿಗುವುದಿಲ್ಲ. ಒಂದೇ ಹೆಡರ್ ಎರಡು ಬಾರಿ ಬಂದರೆ ಮೌಲ್ಯಗಳನ್ನು ಅಲ್ಪವಿರಾಮದಿಂದ ಜೋಡಿಸಿ ಕೊಡುತ್ತದೆ, ಆದ್ದರಿಂದ ಸಮಾನತೆಯ ಪರೀಕ್ಷೆ ಸುಳ್ಳಾಗಬಹುದು.

ಸಂಪರ್ಕದ ಗುಣಲಕ್ಷಣಗಳ ಸ್ವಭಾವ ಬೇರೆ. ಎದುರಿನವರ ಐಪಿ ವಿಳಾಸ, ಅವರ ಪೋರ್ಟ್, ಪ್ರಾಕ್ಸಿಯ ಯಾವ ವಿಳಾಸಕ್ಕೆ ಅವರು ಬಂದರು, ಸಂಪರ್ಕವನ್ನು ಗೂಢಲಿಪಿಯಿಂದ ಕಾಯುವ ಟಿಎಲ್‌ಎಸ್‌ನ ಆವೃತ್ತಿ ಯಾವುದು, ಅದರ ಆರಂಭದ ಕೈಕುಲುಕುವ ಹಂತದಲ್ಲಿ ಕ್ಲೈಂಟ್ ಕೇಳಿದ ಸರ್ವರ್‌ನ ಹೆಸರೇನು, ಕ್ಲೈಂಟ್ ತನ್ನ ಗುರುತಿಗೆಂದು ತೋರಿಸಿದ ಪ್ರಮಾಣಪತ್ರದಲ್ಲಿ ಏನಿದೆ, ಸಂಪರ್ಕ ಮುರಿದದ್ದು ಏಕೆ ಎಂಬಂಥವು ಇಲ್ಲಿ ಬರುತ್ತವೆ. ಇವುಗಳಲ್ಲಿ ಹೆಚ್ಚಿನವನ್ನು ಪ್ರಾಕ್ಸಿ ತಾನೇ ಕಂಡುಕೊಂಡಿರುತ್ತದೆ. ಇವೆಲ್ಲದರ ತಳದಲ್ಲಿರುವ ಟಿಸಿಪಿ ಸಂಪರ್ಕ ಪೂರ್ಣಗೊಳ್ಳಬೇಕಾದರೆ ಉತ್ತರಗಳು ಎದುರಿನ ವಿಳಾಸಕ್ಕೆ ತಲುಪಿ ಮರಳಲೇಬೇಕು. ಆದ್ದರಿಂದ ಆ ವಿಳಾಸವನ್ನು ಸುಳ್ಳಾಗಿಸುವುದು ಒಂದು ಹೆಡರ್ ಬರೆದಷ್ಟು ಸುಲಭವಲ್ಲ.

ಎರಡು ವರ್ಗಗಳ ಆಯುಷ್ಯವೂ ಸಮವಲ್ಲ. ಎಚ್‌ಟಿಟಿಪಿ/1.1ರಲ್ಲಿ ಒಂದೇ ಸಂಪರ್ಕದ ಮೇಲೆ ಒಂದರ ಹಿಂದೆ ಒಂದರಂತೆ ಹಲವು ಕೋರಿಕೆಗಳು ಬರಬಹುದು. ಎಚ್‌ಟಿಟಿಪಿ/2ರಲ್ಲಿ ಅವು ಏಕಕಾಲಕ್ಕೆ ಹೆಣೆದುಕೊಂಡೇ ಬರುತ್ತವೆ. ಅಂದರೆ ಸಂಪರ್ಕದ ಗುಣಲಕ್ಷಣವು ಒಮ್ಮೆ ನಿಶ್ಚಿತವಾಗಿ, ಅದರ ಮೇಲೆ ಬರುವ ಎಲ್ಲ ಕೋರಿಕೆಗಳಿಗೂ ಅನ್ವಯಿಸುತ್ತದೆ. ಕೋರಿಕೆಯ ಗುಣಲಕ್ಷಣ ಪ್ರತಿ ಬಾರಿಯೂ ಹೊಸದು. ಟಿಎಲ್‌ಎಸ್ ಆರಂಭದಲ್ಲಿ ಎಸ್‌ಎನ್‌ಐ (ಬೇಕಾದ ಸರ್ವರ್‌ನ ಹೆಸರನ್ನು ತಿಳಿಸುವ ಭಾಗ) ಮೂಲಕ ಕ್ಲೈಂಟ್ ಹೇಳಿದ ಹೆಸರು ಮತ್ತು ಅನಂತರ ಹೋಸ್ಟ್ ಹೆಡರ್‌ನಲ್ಲಿ ಅದು ಬರೆಯುವ ಹೆಸರು ಬೇರೆ ಬೇರೆಯಾಗುವ ಸಾಧ್ಯತೆ ಇರುವುದು ಇದರಿಂದಲೇ. ಒಂದೇ ಪ್ರಮಾಣಪತ್ರವು ಎರಡು ಹೆಸರುಗಳಿಗೆ ಸಲ್ಲುವಂತಿದ್ದರೆ, ಬ್ರೌಸರ್ ಮೊದಲನೆಯದಕ್ಕೆ ತೆರೆದ ಎಚ್‌ಟಿಟಿಪಿ/2 ಸಂಪರ್ಕವನ್ನೇ ಎರಡನೆಯದಕ್ಕೂ ಬಳಸಿಕೊಳ್ಳಬಹುದು. ಅದು ನ್ಯಾಯವಾದ ನಡೆಯೇ. ಆದರೆ ಎಸ್‌ಎನ್‌ಐ ನೋಡಿ ಮಾತ್ರ ಪ್ರವೇಶವನ್ನು ನಿರ್ಧರಿಸುವ ಪ್ರಾಕ್ಸಿಯಲ್ಲಿ, ಎಲ್ಲರಿಗೂ ಮುಕ್ತವಾದ ಹೆಸರಿಗೆಂದು ಸಂಪರ್ಕ ಪಡೆದು, ನಿರ್ಬಂಧಿತ ಹೆಸರಿಗೆ ಕೋರಿಕೆ ಕಳುಹಿಸಲು ಇದೇ ದಾರಿಯಾಗುತ್ತದೆ. ಎರಡನ್ನೂ ಹೋಲಿಸಿ, ಹೊಂದದಿದ್ದಾಗ 421 ಎಂಬ ಸ್ಥಿತಿಸಂಕೇತವನ್ನು ಹಿಂದಿರುಗಿಸುವ ನಿಯಮ ಇಂಥ ಕಡೆ ಅಗತ್ಯ. ‘ಈ ಸಂಪರ್ಕದಲ್ಲಿ ಈ ಕೋರಿಕೆಗೆ ಉತ್ತರಿಸಲಾರೆ’ ಎಂದು ತಿಳಿಸಲೆಂದೇ ಆ ಸಂಕೇತವನ್ನು 2015ರ ಎಚ್‌ಟಿಟಿಪಿ/2 ಮಾನಕದಲ್ಲಿ ಸೇರಿಸಲಾಯಿತು. ಅದನ್ನು ಪಡೆದ ಕ್ಲೈಂಟ್ ಹೊಸ ಸಂಪರ್ಕ ತೆರೆದು ಮತ್ತೆ ಕೇಳಬಹುದು.

ಈ ಎರಡು ವರ್ಗಗಳ ನಡುವಿನ ಗೆರೆ ಅತ್ಯಂತ ಮಸುಕಾಗುವುದು ಐಪಿ ವಿಳಾಸದಲ್ಲಿ. ಪ್ರಾಕ್ಸಿಯ ಮುಂದೆ ಇನ್ನೊಂದು ಪ್ರಾಕ್ಸಿಯೋ, ಕೋರಿಕೆಗಳನ್ನು ಹಲವು ಯಂತ್ರಗಳಿಗೆ ಹಂಚುವ ಲೋಡ್ ಬ್ಯಾಲೆನ್ಸರೋ ಇದ್ದರೆ, ಸಂಪರ್ಕದ ಎದುರು ತುದಿಯಲ್ಲಿ ಕಾಣುವುದು ಅದರ ವಿಳಾಸವೇ ಹೊರತು ಬಳಕೆದಾರರದ್ದಲ್ಲ. ಈ ಕೊರತೆಯನ್ನು ತುಂಬಲು ಎಕ್ಸ್-ಫಾರ್ವರ್ಡೆಡ್-ಫಾರ್ ಎಂಬ ಹೆಡರ್ ಬಳಕೆಗೆ ಬಂತು. ದಾರಿಯಲ್ಲಿನ ಪ್ರತಿಯೊಂದು ಪ್ರಾಕ್ಸಿಯೂ ತನ್ನ ಎದುರಿಗೆ ಕಂಡ ವಿಳಾಸವನ್ನು ಆ ಪಟ್ಟಿಯ ಬಲತುದಿಗೆ ಸೇರಿಸುತ್ತದೆ. ಹೆಡರ್ ಆಗಿರುವುದರಿಂದ ಇದು ಮೂಲತಃ ಕೋರಿಕೆಯ ಗುಣಲಕ್ಷಣ. ಕ್ಲೈಂಟ್ ಮೊದಲೇ ಒಂದು ಸುಳ್ಳು ವಿಳಾಸವನ್ನು ಬರೆದು ಕಳುಹಿಸಿದ್ದರೆ ಅದು ಪಟ್ಟಿಯ ಎಡತುದಿಯಲ್ಲಿ ಹಾಗೆಯೇ ಕುಳಿತಿರುತ್ತದೆ. ಎಡತುದಿಯ ವಿಳಾಸವನ್ನೇ ಬಳಕೆದಾರರ ವಿಳಾಸವೆಂದು ಓದುವ ವ್ಯವಸ್ಥೆಗಳು ಇಂದಿಗೂ ಕಾಣಸಿಗುತ್ತವೆ, ಮತ್ತು ಅಂಥ ಕಡೆ ವಿಳಾಸದ ಮೇಲಿನ ಎಲ್ಲ ನಿರ್ಬಂಧಗಳೂ ವ್ಯರ್ಥ. ನಂಬಬಹುದಾದ ಪ್ರಾಕ್ಸಿಗಳು ಎಷ್ಟಿವೆಯೋ ಅಷ್ಟು ಸ್ಥಾನಗಳನ್ನು ಬಲದಿಂದ ಎಣಿಸಿಕೊಂಡು ಬರುವುದೇ ಸರಿಯಾದ ವಿಧಾನ.

ಹೀಗೆ ಲೆಕ್ಕಹಾಕಿ ಪಡೆದ ವಿಳಾಸವು ಅನಂತರ ಸಂಪರ್ಕದ ವಿಳಾಸದ ಜಾಗದಲ್ಲಿಯೇ ಬಂದು ಕೂರುವುದರಿಂದ, ಹೆಸರನ್ನು ನೋಡಿ ಮೂಲವನ್ನು ಊಹಿಸಲಾಗದು. ಆದ್ದರಿಂದಲೇ ಎನ್ವಾಯ್‌ನ ಪ್ರವೇಶ ನಿಯಂತ್ರಣ ನಿಯಮಗಳಲ್ಲಿ ‘ಡೈರೆಕ್ಟ್_ರಿಮೋಟ್_ಐಪಿ’ ಮತ್ತು ‘ರಿಮೋಟ್_ಐಪಿ’ ಎಂಬ ಎರಡು ಬೇರೆ ಆಯ್ಕೆಗಳಿವೆ: ಮೊದಲನೆಯದು ಪ್ರಾಕ್ಸಿಯ ಎದುರಿಗೆ ನಿಜವಾಗಿ ನಿಂತಿರುವವರ ವಿಳಾಸ, ಎರಡನೆಯದು ಹೆಡರ್‌ನಿಂದ ಅಥವಾ ಪ್ರಾಕ್ಸಿ ಪ್ರೋಟೊಕಾಲ್‌ನಿಂದ (ಮುಂದಿನ ಪ್ರಾಕ್ಸಿಯು ಸಂಪರ್ಕದ ಆರಂಭದಲ್ಲೇ ಮೂಲ ವಿಳಾಸವನ್ನು ತಿಳಿಸುವ ಕ್ರಮ) ಊಹಿಸಿದ ವಿಳಾಸ. ಎಂಜಿನ್‌ಎಕ್ಸ್ ಕೂಡ ‘ರಿಮೋಟ್_ಆ್ಯಡರ್’ ಮೌಲ್ಯವನ್ನು ಬದಲಿಸಿದಾಗ ಮೂಲ ವಿಳಾಸವನ್ನು ‘ರಿಯಲ್ಐಪಿ_ರಿಮೋಟ್_ಆ್ಯಡರ್’ ಎಂಬ ವೇರಿಯಬಲ್‌ನಲ್ಲಿ ಉಳಿಸಿಕೊಳ್ಳುತ್ತದೆ. ಇವೆರಡರಲ್ಲಿ ಯಾವುದನ್ನು ಬಳಸುತ್ತಿದ್ದೇವೆ ಎಂದು ತಿಳಿಯದೆ ವಿಳಾಸದ ನಿಯಮ ಬರೆಯಬಾರದೆಂಬುದು ನನ್ನ ದೃಢ ಅಭಿಪ್ರಾಯ.

ಪ್ರಮಾಣಪತ್ರದ ಗುಣಲಕ್ಷಣಗಳು ಸೇವೆಗಳ ನಡುವಿನ ಗುರುತಿಗೆ ಅತ್ಯುತ್ತಮ ಆಧಾರ. ಎದುರಿನವರ ಪ್ರಮಾಣಪತ್ರದಲ್ಲಿನ ಯುಆರ್‌ಐ ಅಥವಾ ಡಿಎನ್‌ಎಸ್ ಹೆಸರನ್ನು ಹೋಲಿಸಿ ‘ಈ ಸೇವೆ ಮಾತ್ರ ಈ ಪಥವನ್ನು ಕೇಳಬಹುದು’ ಎಂದು ಬರೆಯುವಾಗ, ಸಂಪರ್ಕದ ಗುಣಲಕ್ಷಣವೊಂದು ಕೋರಿಕೆಯ ಗುಣಲಕ್ಷಣವೊಂದರ ಜೊತೆ ಕೂಡಿ ಬಲವಾದ ನಿಯಮವಾಗುತ್ತದೆ. ಇಲ್ಲಿಯೂ ಒಂದು ಎಚ್ಚರಿಕೆ ಬೇಕು. ಎನ್ವಾಯ್‌ನ ‘ಕನೆಕ್ಷನ್.ಎಂಟಿಎಲ್‌ಎಸ್’ ನಿಜ ಎಂದರೆ ಟಿಎಲ್‌ಎಸ್ ಬಳಕೆಯಲ್ಲಿದೆ, ಎದುರಿನವರು ಒಂದು ಪ್ರಮಾಣಪತ್ರವನ್ನು ತೋರಿಸಿದ್ದಾರೆ ಎಂದಷ್ಟೇ ಅರ್ಥ. ಅದನ್ನು ಯಾರು ಸಹಿ ಮಾಡಿದರು, ಆ ಸಹಿಯನ್ನು ನಂಬಬೇಕೇ ಎಂಬ ಪರಿಶೀಲನೆ ನಡೆಯುವುದು ಟಿಎಲ್‌ಎಸ್ ಸಂರಚನೆಯಲ್ಲಿ. ಅದನ್ನು ಅಲ್ಲಿ ಬರೆಯದೆ ಬಿಟ್ಟರೆ, ಯಾರೋ ತಾವೇ ತಯಾರಿಸಿಕೊಂಡು ತಂದ ಪತ್ರದಿಂದಲೂ ಈ ಗುಣಲಕ್ಷಣ ನಿಜವಾಗುತ್ತದೆ.

ಇನ್ನು ಎರಡನೆಯ ಪ್ರಶ್ನೆ, ಹಂತದ್ದು. ಸಂಪರ್ಕ ತೆರೆದುಕೊಂಡಾಗ ವಿಳಾಸ, ಟಿಎಲ್‌ಎಸ್‌ನ ಕೈಕುಲುಕುವ ಹಂತ ಮುಗಿದಾಗ ಪ್ರಮಾಣಪತ್ರ, ಹೆಡರ್‌ಗಳು ಬಂದಾಗ ಪಥ ಮತ್ತು ವಿಧಾನ, ಹೆಡರ್‌ಗಳ ಹಿಂದೆ ಬರುವ ಒಡಲು ಪೂರ್ತಿ ಬಂದಾಗ ಕೋರಿಕೆಯ ಗಾತ್ರ, ಸರ್ವರ್ ಉತ್ತರಿಸಿದಾಗ ಸ್ಥಿತಿಸಂಕೇತ, ಎಲ್ಲ ಮುಗಿದಾಗ ಒಟ್ಟು ಅವಧಿ. ಹೀಗೆ ಒಂದೊಂದೂ ತನ್ನ ಸರದಿಯಲ್ಲಿ ತಿಳಿಯುತ್ತದೆ. ಪ್ರವೇಶವನ್ನು ನಿರ್ಧರಿಸುವ ಹಂತದಲ್ಲಿ ಉತ್ತರದ ಸಂಕೇತವನ್ನು ಕೇಳಿದರೆ ಅದು ಇನ್ನೂ ಹುಟ್ಟಿಯೇ ಇರುವುದಿಲ್ಲ. ಲಾಗ್ ಬರೆಯುವ ಹಂತದಲ್ಲಾದರೆ ಎಲ್ಲವೂ ಲಭ್ಯ.

ಇಲ್ಲದ ಮೌಲ್ಯವನ್ನು ಕೇಳಿದಾಗ ಏನಾಗುತ್ತದೆ ಎಂಬುದನ್ನು ಬಹಳ ಮಂದಿ ಗಮನಿಸುವುದಿಲ್ಲ. ಎನ್ವಾಯ್‌ನಲ್ಲಿ ಇಂಥ ನಿಯಮಗಳನ್ನು ಗೂಗಲ್ ರೂಪಿಸಿದ ಸಿಇಎಲ್ ಎಂಬ ಪುಟ್ಟ ಭಾಷೆಯಲ್ಲಿ ಬರೆಯಬಹುದು. ‘ಎಕ್ಸ್-ರೋಲ್ ಹೆಡರ್ ಅಡ್ಮಿನ್‌ಗೆ ಸಮವಲ್ಲದಿದ್ದರೆ ನಿರಾಕರಿಸು’ ಎಂದು ಬರೆದಿದ್ದೇವೆ ಎಂದುಕೊಳ್ಳಿ. ಹೆಡರ್ ಇದ್ದು ಮೌಲ್ಯ ಬೇರೆಯಾಗಿದ್ದರೆ ನಿರಾಕರಣೆ ಸರಿಯಾಗಿಯೇ ಆಗುತ್ತದೆ. ಹೆಡರ್ ಇಲ್ಲವೇ ಇಲ್ಲದಿದ್ದರೆ, ಆ ಹೋಲಿಕೆಯ ಫಲಿತಾಂಶ ನಿಜವೂ ಅಲ್ಲ, ಸುಳ್ಳೂ ಅಲ್ಲ, ದೋಷ. ದೋಷವನ್ನು ಪ್ರವೇಶ ನಿಯಂತ್ರಣದ ಭಾಗವು ‘ನಿಯಮ ಹೊಂದಲಿಲ್ಲ’ ಎಂದೇ ಪರಿಗಣಿಸುತ್ತದೆ. ನಿರಾಕರಣೆಯ ನಿಯಮ ಹೊಂದಲಿಲ್ಲವೆಂದರೆ ಕೋರಿಕೆ ಒಳಗೆ ಹೋಯಿತೆಂದೇ ಅರ್ಥ. ಹೆಡರ್ ಕಳುಹಿಸಿದವರು ಹೊರಗೆ, ಏನನ್ನೂ ಕಳುಹಿಸದವರು ಒಳಗೆ! ಅದೇ ಮಾತನ್ನು ‘ಅಡ್ಮಿನ್‌ಗೆ ಸಮವಾಗಿದ್ದರೆ ಅನುಮತಿಸು’ ಎಂದು ತಿರುಗಿಸಿ ಬರೆದರೆ, ದೋಷವಾದಾಗ ಅನುಮತಿ ಸಿಗುವುದಿಲ್ಲ. ನಿರಾಕರಣೆಯ ರೂಪವೇ ಬೇಕೆಂದಾದರೆ ಹೆಡರ್ ಇದೆಯೇ ಎಂಬ ಪರೀಕ್ಷೆಯನ್ನು ಮೊದಲು ಬರೆದು, ಇಲ್ಲದಿದ್ದರೂ ನಿರಾಕರಿಸುವಂತೆ ಮಾಡಬೇಕು. ಅಂತಹ ಹೆಡರ್ ಹೊರಗಿನಿಂದ ಬಂದಾಗ ಗಡಿಯ ಪ್ರಾಕ್ಸಿಯು ಅದನ್ನು ಅಳಿಸಿಹಾಕಿ ತನ್ನದನ್ನು ಬರೆಯಬೇಕೆಂಬುದಂತೂ ಇದ್ದೇ ಇದೆ.

ಗುಣಲಕ್ಷಣಗಳಿಗೆ ಪ್ರಕಾರಗಳೂ ಇವೆ: ಪೋರ್ಟ್ ಮತ್ತು ಸ್ಥಿತಿಸಂಕೇತ ಪೂರ್ಣಾಂಕಗಳು, ಪಥ ಅಕ್ಷರಸಾಲು, ಹೆಡರ್‌ಗಳದ್ದು ಹೆಸರಿನಿಂದ ಮೌಲ್ಯಕ್ಕೆ ಕೊಂಡೊಯ್ಯುವ ನಕ್ಷೆ. ಸ್ಥಿತಿಸಂಕೇತವನ್ನು ಉದ್ಧರಣ ಚಿಹ್ನೆಯೊಳಗಿನ ‘500’ರ ಜೊತೆ ಹೋಲಿಸಿದರೆ ಅದು ಎಂದಿಗೂ ನಿಜವಾಗದು.

ಲಾಗ್‌ನಲ್ಲಿ ಎರಡೂ ವರ್ಗಗಳನ್ನು ಜೊತೆಯಾಗಿ ದಾಖಲಿಸುವುದರ ಪ್ರಯೋಜನ ದೊಡ್ಡದು. ಕೋರಿಕೆಯ ಗುರುತಿನ ಸಂಖ್ಯೆಯು ಒಂದೇ ಕೋರಿಕೆಯನ್ನು ಹಲವು ಸೇವೆಗಳುದ್ದಕ್ಕೂ ಹಿಂಬಾಲಿಸಲು ನೆರವಾದರೆ, ಸಂಪರ್ಕದ ಗುರುತಿನ ಸಂಖ್ಯೆಯು ಒಂದೇ ಪ್ರಾಕ್ಸಿಯಲ್ಲಿ ಒಂದೇ ಸಂಪರ್ಕ ಹಂಚಿಕೊಂಡ ಕೋರಿಕೆಗಳನ್ನು ಒಟ್ಟುಗೂಡಿಸುತ್ತದೆ. ವಿಫಲವಾದ ಕೋರಿಕೆಗಳೆಲ್ಲ ಬೇರೆ ಬೇರೆ ಪಥಗಳಿಗೆ ಸೇರಿದ್ದು, ಸಂಪರ್ಕದ ಸಂಖ್ಯೆ ಮಾತ್ರ ಒಂದೇ ಆಗಿದ್ದರೆ, ಹುಡುಕಾಟವನ್ನು ಸರ್ವರ್‌ನ ಕೋಡ್‌ನಿಂದಲ್ಲ, ಆ ಸಂಪರ್ಕ ಮುರಿದುಬಿದ್ದ ಕಾರಣದಿಂದ ಆರಂಭಿಸಬೇಕು. ನೇರ ವಿಳಾಸ ಮತ್ತು ಊಹಿಸಿದ ವಿಳಾಸ ಎರಡಕ್ಕೂ ಪ್ರತ್ಯೇಕ ಅಂಕಣಗಳಿದ್ದರೆ, ಹೆಡರ್‌ನಲ್ಲಿ ಸುಳ್ಳು ಬರೆದು ಬಂದ ಕೋರಿಕೆಗಳು ಯಾವ ಎದುರು ತುದಿಯಿಂದ ಹೊರಟಿದ್ದವು ಎಂಬುದೂ ಅದೇ ಸಾಲಿನಲ್ಲಿ ಓದಸಿಗುತ್ತದೆ.