ನಡಿಗೆಯ ವೇಗದಲ್ಲಿ ಬಯಲಾಗುವ ರೋಗಗಳು

ಟ್ರಯಲ್ಸ್ ಎಂಬ ಬೈಕ್ ಸ್ಪರ್ಧೆಯಲ್ಲಿ ವೇಗಕ್ಕೆ ಬೆಲೆಯಿಲ್ಲ. ಬಂಡೆ, ತೊರೆ, ಬೇರು, ಕೆಸರು ತುಂಬಿದ ಒಂದು ತುಂಡು ದಾರಿಗೆ ಎರಡೂ ಬದಿ ಗುರುತು ಹಾಕಿರುತ್ತಾರೆ. ಅದನ್ನು ಕಾಲೂರದೆ ದಾಟಬೇಕು. ಒಮ್ಮೆ ಕಾಲೂರಿದರೆ ಒಂದು ದಂಡದ ಅಂಕ, ಎರಡು ಬಾರಿಗೆ ಎರಡು, ಅದಕ್ಕೂ ಹೆಚ್ಚಾದರೆ ಮೂರು. ಬಿದ್ದರೆ ಅಥವಾ ದಾಟಲಾಗದೆ ನಿಂತುಬಿಟ್ಟರೆ ಐದು. ಕಡಿಮೆ ಅಂಕ ತೆತ್ತವನು ಗೆಲ್ಲುತ್ತಾನೆ. ಈ ಆಟಕ್ಕೆಂದೇ ಹುಟ್ಟಿದ ಬೈಕಿನ ಎಂಜಿನ್ ತನ್ನ ಆಯುಷ್ಯದ ಬಹುಪಾಲನ್ನು ಐಡ್ಲಿಂಗ್‌ಗಿಂತ ತುಸು ಮೇಲೆ, ಆಕ್ಸಿಲರೇಟರ್ ಎಂಟನೇ ಒಂದು ಭಾಗ ತಿರುಗಿರುವ ಸ್ಥಿತಿಯಲ್ಲಿ ಕಳೆಯುತ್ತದೆ. ಹಳೆಯ ಟ್ರಯಲ್ಸ್ ಬೈಕನ್ನು ದುರಸ್ತಿ ಮಾಡಹೊರಟವರು ಮೊದಲು ಮನಸ್ಸಿಗೆ ತಂದುಕೊಳ್ಳಬೇಕಾದದ್ದು ಇದನ್ನೇ. ರಸ್ತೆಯ ಬೈಕಿನಲ್ಲಿ ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳದ ಸಣ್ಣ ದೋಷ ಇಲ್ಲಿ ಮೊದಲ ಬಂಡೆಯ ಮುಂದೆಯೇ ಹೊರಬೀಳುತ್ತದೆ.

ನಾನು ಕೆಲಸ ಕಲಿತದ್ದು ಮೈಸೂರಿನಲ್ಲಿ, ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ ಬಂದ ಯೆಜ್ಡಿ ಬೈಕ್‌ಗಳ ಮೇಲೆ. ಈಗ ಇಂಗ್ಲೆಂಡಿನ ಉತ್ತರದ ಗುಡ್ಡಸೀಮೆಯಲ್ಲಿ ಹಳೆಯ ಟ್ರಯಲ್ಸ್ ಬೈಕ್‌ಗಳನ್ನು ರಿಪೇರಿ ಮಾಡುತ್ತೇನೆ. ನನ್ನ ವರ್ಕ್‌ಶಾಪಿಗೆ ಮಾಂಟೇಸಾ ಕೋಟ, ಓಸ್ಸಾ, ಯಮಾಹಾ ಟಿವೈ ಎಲ್ಲವೂ ಬರುತ್ತವೆ. ಆದರೂ ಹೆಚ್ಚು ಬರುವುದು ಬುಲ್ಟಾಕೊ ಶೆರ್ಪಾ. ಮಾಂಟೇಸಾದಿಂದ ಹೊರಬಂದ ಫ್ರಾನ್ಸೆಸ್ಕ್ ಬುಲ್ಟೊ 1958ರಲ್ಲಿ ಬಾರ್ಸಿಲೋನಾ ಬಳಿ ಕಟ್ಟಿದ ಕಂಪನಿ ಬುಲ್ಟಾಕೊ. 1964ರ ಕೊನೆಯಲ್ಲಿ ಟ್ರಯಲ್ಸ್ ಸವಾರ ಸ್ಯಾಮಿ ಮಿಲ್ಲರ್ ತನ್ನ ಬ್ರಿಟಿಷ್ ಏರಿಯಲ್ ಬೈಕ್ ಬಿಟ್ಟು ಇವರ ಜೊತೆ ಸೇರಿ ಶೆರ್ಪಾವನ್ನು ರೂಪಿಸಿದ. 1965ರ ಸ್ಕಾಟಿಷ್ ಆರು ದಿನಗಳ ಟ್ರಯಲ್ಸ್ ಅನ್ನು ಅದರ ಮೇಲೆಯೇ ಗೆದ್ದ. ಭಾರದ ಬ್ರಿಟಿಷ್ ಫೋರ್ ಸ್ಟ್ರೋಕ್‌ಗಳ ಕಾಲ ಅಲ್ಲಿಂದ ಇಳಿಮುಖವಾಯಿತು. 1975ರಲ್ಲಿ ವಿಶ್ವ ಚಾಂಪಿಯನ್‌ಶಿಪ್ ಶುರುವಾದಾಗ ಮೊದಲ ಐದು ವರ್ಷವೂ ಪ್ರಶಸ್ತಿ ಶೆರ್ಪಾ ಸವಾರರಿಗೇ ದಕ್ಕಿತು: ಮಾರ್ಟಿನ್ ಲ್ಯಾಂಪ್ಕಿನ್, ಬಳಿಕ ಮೂರು ವರ್ಷ ಫಿನ್ಲೆಂಡಿನ ಯ್ರಿಯೊ ವೆಸ್ಟರಿನೆನ್, 1979ರಲ್ಲಿ ಅಮೆರಿಕದ ಬರ್ನಿ ಶ್ರೈಬರ್. ಇಂಥ ಯಂತ್ರವೊಂದು ಕೊಟ್ಟಿಗೆಯ ಮೂಲೆಯಲ್ಲಿ ತುಕ್ಕು ಹಿಡಿದು ನಿಂತಿರುವುದನ್ನು ಕಂಡರೆ ನನಗೆ ಈಗಲೂ ಸಂಕಟವಾಗುತ್ತದೆ.

ಆದರೆ ಸಂಕಟಪಟ್ಟವರೆಲ್ಲರೂ ಮಾಡುವ ಮೊದಲ ಕೆಲಸವೇ ತಪ್ಪು. ಬೈಕ್ ಮನೆಗೆ ಬಂದ ವಾರದಲ್ಲೇ ಪೂರ್ತಿ ಬಿಚ್ಚಿ, ಫ್ರೇಮನ್ನು ಪೌಡರ್ ಕೋಟಿಂಗ್‌ಗೆ ಕಳುಹಿಸಿಬಿಡುತ್ತಾರೆ. ಬಿಚ್ಚಿದ ಬೈಕ್ ಯಾವ ಪ್ರಶ್ನೆಗೂ ಉತ್ತರಿಸುವುದಿಲ್ಲ. ಸೀಲ್ ಸೋರುತ್ತಿತ್ತೋ, ಕ್ಲಚ್ ಹಿಡಿಯುತ್ತಿತ್ತೋ, ಗೇರ್ ಜಾರುತ್ತಿತ್ತೋ ಎಂದು ತಿಳಿಯುವ ದಾರಿ ಅಲ್ಲಿಗೆ ಮುಚ್ಚಿಹೋಗುತ್ತದೆ. ಎಂಜಿನ್ ಸರಾಗವಾಗಿ ತಿರುಗುತ್ತದೆಂದು ಖಾತ್ರಿಯಾದರೆ, ಟ್ಯಾಂಕ್ ತೆಗೆದಿಟ್ಟು, ಬಾಟಲಿಯಿಂದ ಪೆಟ್ರೋಲ್ ಕೊಟ್ಟು, ಇದ್ದ ಹಾಗೆಯೇ ಚಾಲೂ ಮಾಡಿ ನೋಡಿ. ಹೊಸ ಪೆಟ್ರೋಲ್ ಮತ್ತು ಆಯಿಲ್ ಮಿಶ್ರಣ, ಹೊಸ ಪ್ಲಗ್, ತೊಳೆದ ಕಾರ್ಬೋರೇಟರ್ ಇದ್ದರೆ ಸಾಕು. ಹಾಗೆಯೇ ಫ್ರೇಮ್ ನಂಬರ್ ಮತ್ತು ಎಂಜಿನ್ ನಂಬರ್ ಹೋಲಿಸಿ. ಬುಲ್ಟಾಕೊ ಕಾರ್ಖಾನೆಯಿಂದ ಹೊರಡುವಾಗ ಎರಡೂ ಒಂದೇ ಆಗಿರುತ್ತಿದ್ದವು. ಬೇರೆಯಾಗಿದ್ದರೆ ಯಾವ ಮಾದರಿಯ ಬಿಡಿಭಾಗ ತರಿಸಬೇಕೆಂಬ ಗೊಂದಲ ಆಗಲೇ ಶುರುವಾಗಿದೆ ಎಂದರ್ಥ.

ಚಾಲೂ ಆದ ಎಂಜಿನ್ ಬಿಸಿಯಾಗಲಿ. ಆಮೇಲೆ ಆಕ್ಸಿಲರೇಟರ್ ಸ್ವಲ್ಪ ತಿರುಗಿಸಿ, ಪೂರ್ತಿ ಬಿಡಿ. ಸದ್ದು ಕೂಡಲೇ ಕೆಳಗಿಳಿದು ಒಂದೇ ಲಯದಲ್ಲಿ ನಿಲ್ಲಬೇಕು. ಇಳಿಯದೆ ಮೇಲೆಯೇ ತೂಗಾಡುತ್ತಿದ್ದರೆ, ಒಮ್ಮೆ ಇಳಿದು ಒಮ್ಮೆ ತಾನಾಗಿ ಏರುತ್ತಿದ್ದರೆ ಬಹುಮಟ್ಟಿಗೆ ಎಲ್ಲೋ ಗಾಳಿ ಒಳನುಗ್ಗುತ್ತಿದೆ. ಟೂ ಸ್ಟ್ರೋಕ್ ಎಂಜಿನ್‌ನಲ್ಲಿ ಕ್ರ್ಯಾಂಕ್ ಕೇಸ್, ಅಂದರೆ ಪಿಸ್ಟನ್ನಿನ ಕೆಳಗೆ ಕ್ರ್ಯಾಂಕ್ ತಿರುಗುವ ಪೆಟ್ಟಿಗೆ, ಎನ್ನುವುದು ಪಂಪು. ಪಿಸ್ಟನ್ ಮೇಲೇರಿದಾಗ ಒಳಗೆ ಎಳೆತ, ಇಳಿದಾಗ ಒತ್ತಡ. ಆ ಪಂಪನ್ನು ಮುಚ್ಚಿಡುವುದು ಕ್ರ್ಯಾಂಕಿನ ಎರಡು ತುದಿಯ ರಬ್ಬರ್ ಸೀಲ್‌ಗಳು. ವರ್ಷಗಟ್ಟಲೆ ನಿಂತ ಬೈಕಿನಲ್ಲಿ ಇವು ಒಣಗಿ ಗಟ್ಟಿಯಾಗಿರುತ್ತವೆ.

ಮ್ಯಾಗ್ನೆಟ್ (ಸ್ಪಾರ್ಕಿಗೆ ವಿದ್ಯುತ್ ಹುಟ್ಟಿಸುವ ಚಕ್ರ) ಬದಿಯ ಸೀಲ್ ಹೋದರೆ ಬರಿಯ ಗಾಳಿ ಒಳಬರುತ್ತದೆ. ಮಿಶ್ರಣ ತೆಳುವಾಗುತ್ತದೆ, ಎಂಜಿನ್ ಕಾಯುತ್ತದೆ, ಒಂದು ದಿನ ಉದ್ದನೆಯ ಏರಿನಲ್ಲಿ ಪಿಸ್ಟನ್ ಸೀಜ್ ಆಗುತ್ತದೆ, ಅಂದರೆ ಕಚ್ಚಿಕೊಂಡು ನಿಲ್ಲುತ್ತದೆ. ಕ್ಲಚ್ ಬದಿಯ ಸೀಲ್ ಹೋದರೆ ಆಯಿಲ್ ಒಳಬರುತ್ತದೆ. ಯೆಜ್ಡಿ ಓಡಿಸಿದ ಮೈಸೂರಿನವರಿಗೆ ಈ ರೋಗದ ಪರಿಚಯ ಚೆನ್ನಾಗಿಯೇ ಇದೆ: ಬೀದಿ ತುಂಬ ಬಿಳಿ ಹೊಗೆ, ಪದೇ ಪದೇ ಒದ್ದೆಯಾಗುವ ಪ್ಲಗ್, ಹೊರಗೆಲ್ಲೂ ಸೋರದಿದ್ದರೂ ಕಡಿಮೆಯಾಗುವ ಆಯಿಲ್. ಆದರೆ ಹೊಗೆ ಕಂಡ ಕೂಡಲೇ ಸೀಲ್ ಎಂದು ತೀರ್ಮಾನಿಸಬೇಡಿ. ಸೈಲೆನ್ಸರಿನಲ್ಲಿ ಕೂತ ಹಳೆಯ ಆಯಿಲ್ ಕೂಡ ಹೊಗೆಯಾಡುತ್ತದೆ, ಬೈಕ್ ಚೆನ್ನಾಗಿ ಬಿಸಿಯಾದ ಮೇಲೆ ಅದು ಕರಗುತ್ತದೆ. ಸೀಲಿನ ಹೊಗೆ ಕರಗುವುದಿಲ್ಲ. ಶೆರ್ಪಾದಲ್ಲಿ ಕ್ಲಚ್ ಕೇಸಿನ ಆಯಿಲ್ ಬೇರೆ, ಗೇರ್‌ಬಾಕ್ಸಿನ ಆಯಿಲ್ ಬೇರೆ. ಕ್ಲಚ್ ಕೇಸಿಗೆ ಅಳೆದು ಹಾಕಿ, ಒಂದು ದಿನ ಓಡಿಸಿ, ಇಳಿಸಿ ಮತ್ತೆ ಅಳೆದರೆ ಸಂಶಯಕ್ಕೆ ಎಡೆಯಿರುವುದಿಲ್ಲ.

ಊಹೆಗಿಂತ ಪರೀಕ್ಷೆ ಮೇಲು. ಕಾರ್ಬೋರೇಟರ್ ಕೂರುವ ಬಾಯಿಗೂ ಸೈಲೆನ್ಸರ್ ಬಾಯಿಗೂ ರಬ್ಬರ್ ಬಿರಡೆ ಬಿಗಿಯಿರಿ. ಪ್ಲಗ್ ರಂಧ್ರದಿಂದ ಕೈಪಂಪಿನಲ್ಲಿ ಸುಮಾರು 6 ಪಿಎಸ್‌ಐ ಗಾಳಿ ಕೊಡಿ, ಅದಕ್ಕಿಂತ ಹೆಚ್ಚು ಬೇಡ. ಹೆಚ್ಚಾದರೆ ಒಳ್ಳೆಯ ಸೀಲೂ ಕಿತ್ತು ಬರುತ್ತದೆ. ಒತ್ತಡ ಮಾಪಕದ ಮುಳ್ಳು ಕೆಲವು ನಿಮಿಷ ಅಲ್ಲಾಡದೆ ನಿಲ್ಲಬೇಕು. ಇಳಿದರೆ ಸೋಪಿನ ನೀರು ಹಚ್ಚುತ್ತಾ ಹೋಗಿ: ಬೋರಿನ (ಸಿಲಿಂಡರಿನ) ಬುಡದ ಗ್ಯಾಸ್ಕೆಟ್, ಕೇಸಿನ ಜೋಡಣೆ, ಮ್ಯಾಗ್ನೆಟ್ ಹಿಂದಿನ ಸೀಲ್. ಕ್ಲಚ್ ಬದಿಯ ಸೋರಿಕೆಗೆ ಹೊರಗೆ ಗುಳ್ಳೆ ಕಾಣುವುದಿಲ್ಲ. ಗಾಳಿ ಆಯಿಲ್ ಹಾಕುವ ರಂಧ್ರದಿಂದ ಬರುತ್ತದೆ, ಅಲ್ಲಿ ನೋಡಿ. ಈ ಪರೀಕ್ಷೆಗೆ ಬೇಕಾದ ಸಾಮಾನು ಒಂದು ಪಿಸ್ಟನ್ನಿಗಿಂತ ಅಗ್ಗ. ಇದನ್ನು ಮಾಡದೆ ಕಾರ್ಬೋರೇಟರಿನಲ್ಲಿ ಪೆಟ್ರೋಲ್ ಅಳೆದು ಬಿಡುವ ಜೆಟ್ ಬದಲಿಸುತ್ತಾ ಕೂರುವವರನ್ನು ಕಂಡರೆ ನನಗೆ ತಾಳ್ಮೆ ಉಳಿಯುವುದಿಲ್ಲ. ತೂತಾದ ಪಂಪಿಗೆ ಯಾವ ಜೆಟ್ಟೂ ಹೊಂದುವುದಿಲ್ಲ.

ಇನ್ನು ಪೆಟ್ರೋಲಿನ ವಿಷಯ. ಇಂದಿನ ದಿನಗಳಲ್ಲಿ ನನ್ನಲ್ಲಿಗೆ ಬರುವ ತೊಂದರೆಗಳಲ್ಲಿ ಇದೇ ಅತಿ ದೊಡ್ಡದು. ಎಪ್ಪತ್ತರ ದಶಕದ ಸ್ಪೇನಿನ ಬೈಕ್‌ಗಳಲ್ಲಿ ಅನೇಕಕ್ಕೆ ಟ್ಯಾಂಕ್ ಫೈಬರ್‌ಗ್ಲಾಸಿನದು. ಬ್ರಿಟನ್‌ನಲ್ಲಿ 2021ರಿಂದ ಸಾಮಾನ್ಯ ಪೆಟ್ರೋಲ್‌ನಲ್ಲಿ ಶೇ. 10ರವರೆಗೆ ಎಥನಾಲ್ ಇರುತ್ತದೆ. ಭಾರತದಲ್ಲಿ ಅದು ಶೇ. 20ಕ್ಕೆ ಏರಿದೆ. ಆ ಕಾಲದ ಪಾಲಿಯೆಸ್ಟರ್ ರೆಸಿನ್ ಎಥನಾಲನ್ನು ತಡೆಯುವುದಿಲ್ಲ. ಟ್ಯಾಂಕಿನ ಒಳಮೈ ಮೆತ್ತಗಾಗಿ, ಕರಗಿ, ಪೆಟ್ರೋಲಿನೊಂದಿಗೆ ಕಾರ್ಬೋರೇಟರಿಗೆ ಇಳಿಯುತ್ತದೆ. ಹೊರಗೆ ಬಣ್ಣ ಉಬ್ಬುತ್ತದೆ, ಮುಚ್ಚಳ ಮೊದಲಿನಂತೆ ಕೂರುವುದಿಲ್ಲ. ಅಪಾಯ ಇರುವುದು ಬೇರೆ ಕಡೆ: ಕರಗಿದ ರೆಸಿನ್ ಕಾರ್ಬೋರೇಟರಿನ ಗಾಳಿದಾರಿಯನ್ನು ತೆರೆದು ಮುಚ್ಚುವ ಸ್ಲೈಡಿಗೆ ವಾರ್ನಿಷಿನಂತೆ ಅಂಟಿ, ಆಕ್ಸಿಲರೇಟರ್ ತೆರೆದ ಸ್ಥಿತಿಯಲ್ಲೇ ಸಿಕ್ಕಿಕೊಳ್ಳಬಹುದು. ಕಡಿದಾದ ಇಳಿಜಾರಿನಲ್ಲಿ ಹಾಗಾದರೆ ಮೂಳೆ ಮುರಿಯುತ್ತದೆ. ಸ್ಲೈಡಿನ ಮೇಲೆ ಕಂದು ಪದರ ಕಂಡು, ಅದು ಪೆಟ್ರೋಲಿಗೆ ಬಿಡದೆ ಅಸಿಟೋನಿಗೆ ಬಿಟ್ಟರೆ ಟ್ಯಾಂಕ್ ಕರಗುತ್ತಿದೆ ಎಂದು ತಿಳಿಯಿರಿ.

ಎಥನಾಲ್ ತಡೆಯುವ ಎಪಾಕ್ಸಿ ಲೇಪನವನ್ನು ಒಳಗೆ ಹಾಕಿಸಬಹುದು. ಆದರೆ ಒಮ್ಮೆ ಪೆಟ್ರೋಲ್ ಹೀರಿದ ಫೈಬರ್ ಪೂರ್ತಿ ಒಣಗದೆ ಲೇಪನ ಹಿಡಿಯುವುದಿಲ್ಲ; ತಿಂಗಳಾನುಗಟ್ಟಲೆ ಒಣಗಿಸಿದರೂ ಲೇಪನ ಕಿತ್ತೆದ್ದ ಟ್ಯಾಂಕ್‌ಗಳನ್ನು ನೋಡಿದ್ದೇನೆ. ಓಡಿಸುವ ಬೈಕಿಗೆ ಅದೇ ಆಕಾರದ ಅಲ್ಯೂಮಿನಿಯಂ ಟ್ಯಾಂಕ್ ಹಾಕಿಸಿ, ಮೂಲ ಟ್ಯಾಂಕನ್ನು ಒಣಗಿಸಿ ಕಪಾಟಿನಲ್ಲಿಡಿ ಎಂಬುದೇ ನನ್ನ ಸಲಹೆ. ಅಸಲಿತನದ ಬಗ್ಗೆ ನನಗೂ ಹಟವಿದೆ, ಆದರೆ ಅದು ಸವಾರನ ಮೈಗಿಂತ ದೊಡ್ಡದಲ್ಲ. ಯಮಾಹಾ ಟಿವೈಗಳಲ್ಲಿ ಅನೇಕಕ್ಕೆ ಉಕ್ಕಿನ ಟ್ಯಾಂಕ್, ಅಲ್ಲಿ ತುಕ್ಕು ಮಾತ್ರ ಸಮಸ್ಯೆ; ನಿಂಬೆ ಉಪ್ಪಿನ ದ್ರಾವಣದಲ್ಲಿ ಒಂದೆರಡು ದಿನ ನೆನೆಸಿ, ತೊಳೆದು, ಕೂಡಲೇ ಒಣಗಿಸಿದರೆ ಸರಿಹೋಗುತ್ತದೆ.

ಅನೇಕ ಶೆರ್ಪಾಗಳಿಗೆ ಇರುವುದು ಆಮಲ್ ಕಾರ್ಬೋರೇಟರ್. ಮೃದು ಲೋಹದ ಬಾಡಿ. ಗಾಳಿ ಸೋರದಿರಲೆಂದು ಯಾರೋ ನಟ್‌ಗಳನ್ನು ಬಲವಾಗಿ ಬಿಗಿದಿರುತ್ತಾರೆ. ಅದರಿಂದ ಕೂರುವ ಮುಖ ಬಿಲ್ಲಿನಂತೆ ಬಾಗಿ, ಸೋರಿಕೆ ಇನ್ನೂ ಹೆಚ್ಚಾಗಿರುತ್ತದೆ. ದಪ್ಪ ಗಾಜಿನ ಮೇಲೆ ನಯವಾದ ಎಮರಿ ಹಾಳೆ ಹಾಸಿ, ಮುಖವನ್ನು ಉಜ್ಜಿ ಸಮಮಾಡಿ. ಎರಡನೆಯ ಸಮಸ್ಯೆ ಪೈಲಟ್ ಜೆಟ್ಟಿನದು, ಅಂದರೆ ಐಡ್ಲಿಂಗ್‌ನಲ್ಲಿ ಪೆಟ್ರೋಲ್ ಕೊಡುವ ಸಣ್ಣ ಜೆಟ್ಟಿನದು. ಆಮಲ್‌ನ ಕೆಲವು ಬಾಡಿಗಳಲ್ಲಿ ಅದನ್ನು ಬಿಚ್ಚಲು ಬರುವುದಿಲ್ಲ. ಏರ್ ಸ್ಕ್ರೂ ಹಿಂದಿನ ಸುರಂಗದ ತುದಿಯಲ್ಲಿ ಒತ್ತಿ ಕೂರಿಸಿದ ಪುಟ್ಟ ಬುಷ್ ಅದು, ತೂತು ಸುಮಾರು 0.4 ಮಿ.ಮೀ. ನಿಂತ ಬೈಕಿನಲ್ಲಿ ಇದು ಮುಚ್ಚಿಹೋಗುವುದು ಸಾಮಾನ್ಯ, ಸ್ಪ್ರೇಗೆ ಜಗ್ಗದಿರುವುದೂ ಸಾಮಾನ್ಯ. ಆ ಅಳತೆಯ ಡ್ರಿಲ್ ಬಿಟ್ಟನ್ನು ಸಣ್ಣ ಕೊಳವೆಯ ತುದಿಗೆ ಅಂಟಿಸಿ, ಬೆರಳಿನಿಂದಲೇ ಮೆಲ್ಲಗೆ ತಿರುಗಿಸಿ ಬಿಡಿಸಬೇಕು. ರಸ್ತೆಯ ಬೈಕಿನಲ್ಲಿ ಪೈಲಟ್ ಅರ್ಧ ಮುಚ್ಚಿದ್ದರೂ ಹೇಗೋ ಓಡುತ್ತದೆ. ಟ್ರಯಲ್ಸ್ ಬೈಕಿನ ಸಂಸಾರವೆಲ್ಲ ನಡೆಯುವುದು ಆ ತೂತಿನ ಮೇಲೆ. ಸ್ಲೈಡ್ ಸವೆದು ಕಟಕಟ ಎನ್ನುತ್ತಿದ್ದರೆ ಹೊಸ ಕಾರ್ಬೋರೇಟರ್ ಕೊಳ್ಳುವುದೇ ಸರಿ.

ಆಯಿಲ್ ಅಳತೆಯ ಬಗ್ಗೆ ಎರಡು ಮಾತು. ಹಳೆಯ ಕೈಪಿಡಿಯ 20ಕ್ಕೆ 1, 25ಕ್ಕೆ 1 ಎಂಬ ಮಿಶ್ರಣ ಆ ಕಾಲದ ಆಯಿಲಿಗೆ ಹೇಳಿದ್ದು. ಇಂದಿನ ಒಳ್ಳೆಯ ಟೂ ಸ್ಟ್ರೋಕ್ ಆಯಿಲ್ ಇದ್ದರೆ ನಾನು 40ಕ್ಕೆ 1, ಅಂದರೆ ಲೀಟರಿಗೆ 25 ಮಿ.ಲೀ. ಹಾಕುತ್ತೇನೆ. ಆಯಿಲ್ ಕಡಿಮೆ ಮಾಡಿದಷ್ಟೂ ಜೆಟ್ಟಿನಿಂದ ಹೋಗುವ ಪೆಟ್ರೋಲಿನ ಪಾಲು ಹೆಚ್ಚುವುದರಿಂದ ಏರ್ ಸ್ಕ್ರೂವನ್ನು ಮತ್ತೆ ಹೊಂದಿಸಬೇಕು. ಹಲವು ಯಮಾಹಾ ಟಿವೈಗಳಿಗೆ ಆಯಿಲ್ ಪಂಪ್ ಇತ್ತು. ಸ್ಪರ್ಧೆಗೆ ಓಡಿಸಿದವರು ಅದನ್ನು ಕಿತ್ತು ಹಾಕಿರುವುದುಂಟು. ಪಂಪ್ ಇದೆಯೇ, ಇದ್ದರೆ ಆಯಿಲ್ ನಿಜವಾಗಿಯೂ ಬರುತ್ತಿದೆಯೇ ಎಂದು ಕಣ್ಣಾರೆ ನೋಡುವವರೆಗೆ ಟ್ಯಾಂಕಿಗೆ ಮಿಶ್ರಣವನ್ನೇ ಹಾಕಿ.

ಸ್ಪಾರ್ಕಿನ ರೋಗಗಳಲ್ಲಿ ಕಾಡುವುದು ಒಂದೇ: ತಣ್ಣಗಿದ್ದಾಗ ಮೊದಲ ಕಿಕ್ಕಿಗೆ ಚಾಲೂ, ಹತ್ತು ನಿಮಿಷದ ಮೇಲೆ ಸತ್ತಂತೆ ನಿಲ್ಲುವುದು, ಅರ್ಧ ಗಂಟೆ ಬಿಟ್ಟರೆ ಮತ್ತೆ ಚಾಲೂ. ಪಾಯಿಂಟ್ ಇರುವ ಬೈಕಿನಲ್ಲಿ ಮೊದಲು ಕಂಡೆನ್ಸರ್ ಬದಲಿಸಿ. ಮೋಟೊಪ್ಲಾಟ್ ಎಲೆಕ್ಟ್ರಾನಿಕ್ ಇಗ್ನಿಷನ್ ಇದ್ದರೆ ಒಳಗಿನ ಸುರುಳಿ ಬಿಸಿಗೆ ಬಿಟ್ಟುಕೊಳ್ಳುತ್ತಿರಬಹುದು; ಬಿಚ್ಚಿ ಹೇರ್ ಡ್ರೈಯರ್‌ನಲ್ಲಿ ಕಾಯಿಸಿ ಮೀಟರಿನಲ್ಲಿ ಅಳೆದರೆ ಗೊತ್ತಾಗುತ್ತದೆ. ಮ್ಯಾಗ್ನೆಟ್ ತೆಗೆಯಲು ಆ ಎಂಜಿನ್ನಿನದೇ ಪುಲ್ಲರ್ (ಎಳೆದು ಕೀಳುವ ಸಲಕರಣೆ) ಬೇಕು. ಸುತ್ತಿಗೆ ಮುಟ್ಟಲೇಬೇಡಿ, ಕ್ರ್ಯಾಂಕ್ ಓರೆಯಾದರೆ ಖರ್ಚು ಹತ್ತುಪಟ್ಟು.

ಇತ್ತೀಚೆಗೆ ಕನ್ನಡಿಯಂತೆ ಹೊಳೆಯುವ ಶೆರ್ಪಾವೊಂದನ್ನು ಒಬ್ಬರು ತಂದರು. ಎಲ್ಲವೂ ಹೊಸದು, ಸ್ಪಾರ್ಕ್ ಮಾತ್ರ ಇಲ್ಲ. ಕಾಯಿಲ್ ಕೂರುವ ಜಾಗದಲ್ಲೂ ಪೌಡರ್ ಕೋಟಿಂಗ್ ದಪ್ಪಗೆ ಕೂತಿತ್ತು, ಅರ್ತ್ ಸಿಗುತ್ತಿರಲಿಲ್ಲ. ಒಂದು ಕಾಸಿನಗಲ ಕೆರೆದದ್ದಕ್ಕೆ ಬೈಕ್ ಚಾಲೂ ಆಯಿತು. ಬಣ್ಣ ಹಾಕಿಸಿದ ಫ್ರೇಮಿನಲ್ಲಿ ಎಂಜಿನ್ ಬೋಲ್ಟ್ ಮತ್ತು ಕಾಯಿಲ್ ಕೂರುವ ಜಾಗ ಬರಿಯ ಲೋಹವಾಗಿರಬೇಕು.

ಎಂಜಿನ್ ನಿಧಾನಕ್ಕೆ ತಿರುಗುವಾಗ ಎಳೆತ ಚೆನ್ನಾಗಿದ್ದು, ವೇಗ ಏರಲೊಲ್ಲೆ ಎಂದು ಉಸಿರು ಕಟ್ಟುವ ಬೈಕಿನಲ್ಲಿ ಸೈಲೆನ್ಸರ್ ನೋಡಿ. ನಿಧಾನಕ್ಕೆ ಓಡಿದ ಟೂ ಸ್ಟ್ರೋಕಿನಲ್ಲಿ ಮಸಿ ಗಟ್ಟಿಯಾಗಿ ಕಟ್ಟುತ್ತದೆ. ಉಕ್ಕಿನ ಪೈಪನ್ನು ಕಾಸ್ಟಿಕ್ ಸೋಡಾದಲ್ಲಿ ನೆನೆಸಬಹುದು, ಕೈಗವಸು ಮತ್ತು ಕನ್ನಡಕ ಹಾಕಿಕೊಂಡು. ಅಲ್ಯೂಮಿನಿಯಂ ಭಾಗಕ್ಕೆ ಅದು ತಾಗಿದರೆ ಲೋಹವೇ ಕರಗಿಹೋಗುತ್ತದೆ.

ಕ್ಲಚ್ಚಿಗೆ ಹೆಚ್ಚು ಸಮಯ ಕೊಡಿ. ಬಂಡೆಯ ಮುಂದೆ ನಿಂತು, ಗೇರಿನಲ್ಲಿದ್ದೂ ಅಲುಗದೆ ಕಾಯುವಂತಿರಬೇಕು ಟ್ರಯಲ್ಸ್ ಬೈಕ್. ಲಿವರ್ ಪೂರ್ತಿ ಹಿಡಿದರೂ ಮುಂದಕ್ಕೆ ತೆವಳಿದರೆ ಅದರ ಮೇಲೆ ಸ್ಪರ್ಧಿಸಲು ಆಗದು. ಕ್ಲಚ್ ಮುಚ್ಚಳ ತೆಗೆದು, ಲಿವರ್ ಹಿಡಿದು, ಕಿಕ್ ಮೆಲ್ಲಗೆ ಒತ್ತಿ ನೋಡಿ: ಒತ್ತುವ ಪ್ಲೇಟ್ ನೆಟ್ಟಗೆ ಮೇಲೇಳುತ್ತದೆಯೇ, ಒಂದು ಬದಿ ಮೊದಲು ಏಳುತ್ತದೆಯೇ? ಓರೆಯಾಗಿ ಎದ್ದರೆ ಪ್ಲೇಟ್‌ಗಳು ಬಿಡುವುದಿಲ್ಲ. ಸ್ಪ್ರಿಂಗ್ ನಟ್‌ಗಳನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿ ಅದನ್ನು ಸಮ ಮಾಡಬೇಕು, ತಾಳ್ಮೆಯ ಕೆಲಸ. ಉಕ್ಕಿನ ಪ್ಲೇಟ್‌ಗಳನ್ನು ಗಾಜಿನ ಮೇಲಿಟ್ಟು ಬಾಗಿವೆಯೇ ನೋಡಿ, ಪ್ಲೇಟಿನ ಹಲ್ಲುಗಳು ಹೊರ ಡ್ರಮ್ಮಿನಲ್ಲಿ ಗುಳಿ ಬೀಳಿಸಿದ್ದರೆ ಅರದಲ್ಲಿ ನಯಗೊಳಿಸಿ. ಅಷ್ಟಾದ ಮೇಲೆ ತೆಳುವಾದ ಆಯಿಲ್ ಹಾಕಿ.

ಫ್ರೇಮಿನಲ್ಲಿ ನಾನು ಮೊದಲು ನೋಡುವುದು ಫುಟ್‌ರೆಸ್ಟ್ ಬೆಸುಗೆ. ಸವಾರ ಸದಾ ನಿಂತೇ ಓಡಿಸುವುದರಿಂದ ಬಿರುಕು ಅಲ್ಲೇ ಬರುತ್ತದೆ. ಹಿಂದಿನ ಫೋರ್ಕಿನ (ಹಿಂಬದಿ ಚಕ್ರ ಹಿಡಿದಿರುವ ತೋಳಿನ) ಉದ್ದನೆಯ ಬೋಲ್ಟ್ ತುಕ್ಕಿನಲ್ಲಿ ಬುಷ್ಷಿಗೇ ಅಂಟಿರುತ್ತದೆ. ಕಾಯಿಸಿ, ತುಕ್ಕು ಬಿಡಿಸುವ ಆಯಿಲ್ ಹಾಕಿ, ದಿನಗಟ್ಟಲೆ ಕಾದರೂ ಬರದಿದ್ದರೆ ಫೋರ್ಕಿಗೂ ಫ್ರೇಮಿಗೂ ನಡುವೆ ಬ್ಲೇಡ್ ತೂರಿಸಿ ಬೋಲ್ಟನ್ನೇ ಕತ್ತರಿಸಿಬಿಡಿ. ಹೊಸ ಬೋಲ್ಟ್ ಲೇತಿನಲ್ಲಿ ಮಾಡಿಸಬಹುದು, ಬಡಿದು ಸೊಟ್ಟಗಾದ ಫ್ರೇಮ್ ಸಿಗುವುದಿಲ್ಲ. ಹಳೆಯ ಬ್ರೇಕ್ ಲೈನರ್‌ಗಳಲ್ಲಿ ಆಸ್ಬೆಸ್ಟಾಸ್ ಇರಬಹುದು, ಡ್ರಮ್ಮಿನ ಧೂಳನ್ನು ಗಾಳಿಯಿಂದ ಊದಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ.

ಇಷ್ಟೂ ಮುಗಿದು, ಬೈಕ್ ಅರ್ಧ ದಿನ ಕಲ್ಲುಗಳ ನಡುವೆ ಓಡಾಡಿ, ಹೆಡ್ ನಟ್‌ಗಳನ್ನು ತಣ್ಣಗಿರುವಾಗ ಮತ್ತೊಮ್ಮೆ ಬಿಗಿದು, ಕ್ಲಚ್ ಕೇಸಿನ ಆಯಿಲ್ ಇಳಿಸಿ ಅದರಲ್ಲಿ ಲೋಹದ ಚೂರಿಲ್ಲ, ಅಳತೆಯೂ ಇಳಿದಿಲ್ಲ ಎಂದು ನೋಡಿಕೊಂಡ ಮೇಲೆ ಬಿಚ್ಚಿ. ಆಗ ಬಣ್ಣದ ಅಂಗಡಿಗೆ ಫೋನ್ ಮಾಡಬಹುದು.