ಚಕ್ರವರ್ತಿ ಕೇಳಿದ್ದು ಒಂದಿಷ್ಟು ಸೈನಿಕರನ್ನು

1096ರ ಏಪ್ರಿಲ್. ಫ್ರಾನ್ಸಿನ ಮೋಂಮೆರ್ಲ್ ಊರಿನ ಅಶಾರ್ ಎಂಬ ಕುದುರೆಸವಾರ ಯೋಧ ತನ್ನ ಜಮೀನನ್ನು ಕ್ಲೂನಿ ಮಠಕ್ಕೆ ಅಡ ಇಟ್ಟ. ಸಿಕ್ಕಿದ್ದು 2,000 ಸೋಲಿಡಸ್ ಹಣ, ನಾಲ್ಕು ಹೇಸರಗತ್ತೆ. ಪತ್ರದಲ್ಲಿ ಒಂದು ಷರತ್ತೂ ಇತ್ತು: ಜೆರುಸಲೇಮಿಗೆ ಹೋದವನು ಸತ್ತರೆ, ಇಲ್ಲವೇ ಅಲ್ಲೇ ಉಳಿದುಬಿಟ್ಟರೆ, ಜಮೀನು ಮಠಕ್ಕೆ.

ಹೊಲ ಅಡ ಇಟ್ಟು, ಮೂರು ಸಾವಿರ ಕಿಲೋಮೀಟರಿಗೂ ಆಚೆ ಯುದ್ಧಕ್ಕೆ ಹೊರಡುವಂಥದ್ದು ಏನಾಗಿತ್ತು?

ಕ್ರೈಸ್ತ, ಇಸ್ಲಾಂ ಧರ್ಮಗಳ ನಡುವೆ ಮೊದಲಿಂದಲೂ ದ್ವೇಷ ಇತ್ತು, ಅದೇ ಜೆರುಸಲೇಮಿಗಾಗಿ ನಡೆದ ಕ್ರುಸೇಡ್ ಯುದ್ಧಗಳಾಗಿ ಹೊತ್ತಿಕೊಂಡಿತು ಅನ್ನುವವರು ಜಾಸ್ತಿ. ನನಗೆ ಈ ಲೆಕ್ಕ ಕೂಡಿಬರುವುದಿಲ್ಲ. ಜೆರುಸಲೇಮ್ ಮುಸ್ಲಿಮರ ಕೈ ಸೇರಿದ್ದು 638ರ ಹೊತ್ತಿಗೆ. ಆಮೇಲೆ ನಾಲ್ಕೂವರೆ ಶತಮಾನ ಕಳೆದಿತ್ತು. 1009ರಲ್ಲಿ ಈಜಿಪ್ಟಿನ ಖಲೀಫ ಅಲ್-ಹಾಕಿಮ್, ಯೇಸುವಿನ ಸಮಾಧಿ ಇದ್ದ ಚರ್ಚನ್ನೇ ಕೆಡವಿಸಿದ. ಆಗಲೂ ಯುರೋಪಿನಿಂದ ಸೈನ್ಯ ಹೊರಡಲಿಲ್ಲ. ಮುಂದೆ ಬೈಜಾಂಟಿಯಂ (ಈಗಿನ ಇಸ್ತಾಂಬುಲ್‌ನಿಂದ ಆಳುತ್ತಿದ್ದ ಕ್ರೈಸ್ತ ಸಾಮ್ರಾಜ್ಯ) ಚಕ್ರವರ್ತಿಗಳು ಈಜಿಪ್ಟಿನ ಜೊತೆ ಮಾತಾಡಿ ಅದನ್ನು ಮತ್ತೆ ಕಟ್ಟಿಸಿದರು. ದ್ವೇಷ ಒಂದೇ ಸಾಕಾಗಿದ್ದರೆ ಯುದ್ಧ ಆಗಲೇ ಆಗಬೇಕಿತ್ತು, ಅಲ್ವಾ?

ಕಿಡಿ ಬಿದ್ದದ್ದು ಬೇರೆ ಕಡೆ. 1071ರಲ್ಲಿ ಮಾಂಜಿಕರ್ಟ್ ಎಂಬಲ್ಲಿ ಮುಸ್ಲಿಮರಾದ ಸೆಲ್ಜುಕ್ ತುರ್ಕರು ಬೈಜಾಂಟಿಯಂ ಸೈನ್ಯವನ್ನು ಸೋಲಿಸಿ ಚಕ್ರವರ್ತಿಯನ್ನೇ ಸೆರೆಹಿಡಿದರು. ಈಗಿನ ಟರ್ಕಿಯ ಬಹುಭಾಗ ಕ್ರಮೇಣ ಅವರ ಪಾಲಾಯಿತು. ಮುಂದಿನ ಚಕ್ರವರ್ತಿಗಳಲ್ಲೊಬ್ಬನಾದ ಅಲೆಕ್ಸಿಯೋಸ್ 1095ರ ಮಾರ್ಚಿನಲ್ಲಿ ಪೋಪ್ ಎರಡನೇ ಅರ್ಬನ್ ಬಳಿಗೆ ದೂತರನ್ನು ಕಳಿಸಿದ. ಅವನಿಗೆ ಬೇಕಿದ್ದದ್ದು ತನ್ನ ಮಾತು ಕೇಳುವ ಒಂದಿಷ್ಟು ಸೈನಿಕರು.

ಅರ್ಬನ್‌ಗೂ ತನ್ನದೇ ಕಷ್ಟ ಇತ್ತು. ಜರ್ಮನಿಯ ದೊರೆ ನಾಲ್ಕನೇ ಹೆನ್ರಿ ಬೇರೊಬ್ಬನನ್ನೇ ಪೋಪ್ ಎಂದು ಕೂರಿಸಿದ್ದ. ಇಡೀ ಕ್ರೈಸ್ತ ಜಗತ್ತನ್ನು ಮುನ್ನಡೆಸುವವನು ತಾನೇ ಎಂದು ತೋರಿಸಲು ಅರ್ಬನ್‌ಗೆ ಇದಕ್ಕಿಂತ ಒಳ್ಳೆಯ ಅವಕಾಶ ಸಿಗುತ್ತಿರಲಿಲ್ಲ. 1095ರ ನವೆಂಬರ್ 27ರಂದು ಫ್ರಾನ್ಸಿನ ಕ್ಲೆರ್ಮಾಂಟ್‌ನಲ್ಲಿ ನಡೆದ ಚರ್ಚಿನ ಸಭೆಯಲ್ಲಿ ಅವನು ಭಾಷಣ ಮಾಡಿದ. ನಮಗೆ ಸಿಕ್ಕಿರುವ ಭಾಷಣದ ಪಾಠಗಳು ಜೆರುಸಲೇಮ್ ಗೆದ್ದಾದ ಮೇಲೆ ಬರೆದವು. ಒಂದಕ್ಕೊಂದು ತಾಳೆಯಾಗುವುದಿಲ್ಲ. ಆ ಸಭೆಯ ಒಂದು ಪುಟ್ಟ ನಿರ್ಣಯವನ್ನೇ ನಾನು ಹೆಚ್ಚು ನಂಬುತ್ತೇನೆ. ಹಣಕ್ಕೋ ಮಾನಕ್ಕೋ ಅಲ್ಲದೆ ಬರೀ ಭಕ್ತಿಯಿಂದ ಜೆರುಸಲೇಮ್ ಬಿಡಿಸಲು ಹೊರಟವನಿಗೆ ಆ ಪ್ರಯಾಣವೇ ಪೂರ್ತಿ ಪ್ರಾಯಶ್ಚಿತ್ತ ಎಂದು ಅದು ಹೇಳುತ್ತದೆ.

ಇದು ಎಷ್ಟು ಹೊಸದು ಅಂತ ತಿಳಿಯಲು ಕೇವಲ ಮೂವತ್ತು ವರ್ಷ ಹಿಂದೆ ಹೋಗಬೇಕು. ಇಂಗ್ಲೆಂಡಿನಲ್ಲಿ 1066ರ ಹೇಸ್ಟಿಂಗ್ಸ್ ಕಾಳಗದಲ್ಲಿ ಗೆದ್ದ, ಫ್ರಾನ್ಸಿನ ನಾರ್ಮಂಡಿಯಿಂದ ಬಂದ ನಾರ್ಮನ್ ಸೈನಿಕರಿಗೆ ಚರ್ಚು ಶಿಕ್ಷೆ ವಿಧಿಸಿತ್ತು. ಕೊಂದ ಒಬ್ಬೊಬ್ಬನಿಗೆ ಒಂದೊಂದು ವರ್ಷ ಪ್ರಾಯಶ್ಚಿತ್ತ. ಏಟು ತಿಂದವನು ಸತ್ತನೋ ಬದುಕಿದನೋ ಗೊತ್ತಿಲ್ಲದಿದ್ದರೆ ತಲೆಗೆ ನಲವತ್ತು ದಿನ. ಯುದ್ಧದಲ್ಲಿ ಕೊಂದರೂ ಪಾಪ ಪಾಪವೇ. ಕತ್ತಿ ಹಿಡಿದೇ ಬದುಕಿದ ಅಶಾರ್‌ನಂಥವರಿಗೆ ನರಕದ ಭಯ ಸುಮ್ನೆ ಮಾತಾಗಿರಲಿಲ್ಲ. ಮಠ ಸೇರದೆ ಅದರಿಂದ ಪಾರಾಗುವ ದಾರಿ ಕಾಣುತ್ತಿರಲಿಲ್ಲ. ಈಗ ಅದೇ ಕತ್ತಿ ಪಾಪ ತೊಳೆಯುತ್ತದೆ ಎಂದು ಪೋಪ್ ಹೇಳಿದ. ಅವರು ತಮ್ಮನ್ನು ಯಾತ್ರಿಕರು ಎಂದೇ ಕರೆದುಕೊಂಡರು. ಹರಕೆ ಹೊತ್ತು, ಬಟ್ಟೆಯ ಶಿಲುಬೆಯನ್ನು ಭುಜಕ್ಕೆ ಹೊಲಿಸಿಕೊಂಡರು.

ಒಂದಿಷ್ಟು ಸೈನಿಕರನ್ನು ಕೇಳಿದ್ದ ಅಲೆಕ್ಸಿಯೋಸ್‌ನ ಬಾಗಿಲಿಗೆ ಹತ್ತಾರು ಸಾವಿರ ಜನ ಬಂದರು. ಅದಕ್ಕೂ ಮೊದಲೇ, 1096ರ ಬೇಸಿಗೆಯಲ್ಲಿ, ಕೆಲವು ಗುಂಪುಗಳು ಜರ್ಮನಿಯ ವರ್ಮ್ಸ್, ಮೈಂಟ್ಸ್ ಊರುಗಳಲ್ಲಿ ಯಹೂದಿಗಳನ್ನು ಕೊಂದುಹಾಕಿದ್ದವು. ಈ ಯುದ್ಧದ ಮೊದಲ ಬಲಿಗಳಲ್ಲಿ ಆ ಕುಟುಂಬಗಳೂ ಇದ್ದವು ಎಂಬುದನ್ನು ನಾವು ಮರೆಯಬಾರದು.

ಆ ಕಡೆ ಮುಸ್ಲಿಂ ರಾಜ್ಯಗಳೂ ಒಂದಾಗಿರಲಿಲ್ಲ. ಸೆಲ್ಜುಕ್ ಸುಲ್ತಾನ ಮಲಿಕ್ ಶಾ 1092ರಲ್ಲಿ ತೀರಿಕೊಂಡ ಮೇಲೆ ಅವನ ಮನೆಯವರೇ ಪಟ್ಟಕ್ಕಾಗಿ ಬಡಿದಾಡುತ್ತಿದ್ದರು. 1098ರಲ್ಲಿ ಈಜಿಪ್ಟನ್ನು ಆಳುತ್ತಿದ್ದ ಫಾತಿಮಿದ್ ಮನೆತನದವರು ತುರ್ಕರಿಂದ ಜೆರುಸಲೇಮನ್ನು ಕಿತ್ತುಕೊಂಡರು. ಹಾಗಾಗಿ ತುರ್ಕರ ಮೇಲೆ ಹೊರಟವರಿಗೆ ಕೊನೆಗೆ ಎದುರಾದದ್ದು ಬೇರೆಯವರು. 1099ರ ಜುಲೈ 15ರಂದು ನಗರ ಬಿತ್ತು. ಒಳಗಿದ್ದ ಮುಸ್ಲಿಮರನ್ನೂ ಯಹೂದಿಗಳನ್ನೂ ಕಡಿದು ಹಾಕಿದರು.

ಅಶಾರ್ ಅದನ್ನು ನೋಡಲಿಲ್ಲ. ಅದಕ್ಕೆ ಕೆಲವು ವಾರ ಮೊದಲು ಜಾಫಾ ಬಂದರಿನ ಹತ್ತಿರ ನಡೆದ ಒಂದು ಸಣ್ಣ ಕಾಳಗದಲ್ಲಿ ಸತ್ತ. ಜಮೀನು ಬಿಡಿಸಿಕೊಳ್ಳಲು ಅವನು ಮರಳಿ ಬರಲಿಲ್ಲ.